ಆ ವಯಲಿನ್ ಯಾರದು?

ಟಿವಿಯಲ್ಲಿ ಸಾವಿನ ಸುದ್ದಿ ಬಂದಾಗ ಹಿಂದೆ ಒಂದು ವಯಲಿನ್ ಅಳುತ್ತಿರುತ್ತದೆ. ಗಮನಿಸಿದ್ದೀರಾ? ಗಮನಿಸಿರಲಿಕ್ಕಿಲ್ಲ. ನೀವು ಗಮನಿಸಬಾರದು ಅಂತಲೇ ಅದನ್ನು ಹಾಕೋದು. ಬಸ್ ಅಪಘಾತ ಇರಲಿ, ರೈತನ ಆತ್ಮಹತ್ಯೆ ಇರಲಿ, ನಟರೊಬ್ಬರ ಅಂತಿಮ ದರ್ಶನ ಇರಲಿ, ಎಡಿಟಿಂಗ್ ಕೋಣೆಯ ಕಂಪ್ಯೂಟರಿನಲ್ಲಿ ಇಂಥ ಮ್ಯೂಸಿಕ್ಕಿಗೆ ಅಂತಲೇ ಒಂದು ಫೋಲ್ಡರ್ ಇರುತ್ತೆ. ಅಲ್ಲಿಂದ ಒಂದು ತುಣುಕು ಎಳೆದು ದೃಶ್ಯದ ಕೆಳಗೆ ಹಾಸಿದರೆ ಕೆಲಸ ಮುಗೀತು. ಅದನ್ನು ನುಡಿಸಿದವರು ಯಾರು, ಯಾವ ಊರವರು, ಯಾರಿಗೋಸ್ಕರ ನುಡಿಸಿದರು, ಯಾರಿಗೂ ಗೊತ್ತಿಲ್ಲ. ಬೇಕಾಗಿಯೂ ಇಲ್ಲ.

ಆದರೆ ಇವತ್ತು ನಾನು ಹೇಳಹೊರಟಿರೋದು ಬೇರೊಂದು ವಯಲಿನ್ ಬಗ್ಗೆ. ಅದನ್ನು ನುಡಿಸೋದು ಯಾರು ಅನ್ನೋದು ಅಲ್ಲಿ ಚೆನ್ನಾಗಿ ಗೊತ್ತು. ಅದು ನಿಂತರೆ ಏನಾಗುತ್ತೆ ಅನ್ನೋದೇ ಅಲ್ಲಿಯ ಕಥೆ.

ಅಕ್ಕನ ಮಗಳನ್ನು ಕರೆದುಕೊಂಡು ಬಸವಕಲ್ಯಾಣದಿಂದ ಹುಮನಾಬಾದ್‌ಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಫೋನ್. ರಾಜೇಶ್ವರ ದಾಟುವ ಹೊತ್ತಿಗೆ ನೋಡ್ತೀನಿ, ಹುಡುಗಿ ದುಪಟ್ಟಾದಿಂದ ಕಣ್ಣು ಒರೆಸ್ಕೊಳ್ತಿದ್ದಾಳೆ. ಏನಾಯ್ತವ್ವ ಅಂದೆ. ಫೋನ್ ತಿರುಗಿಸಿ ತೋರಿಸಿದಳು. ಕಾರ್ಟೂನು! 'ಮಾಮಾ, ಆಕಿ ಸಾಯ್ತಾಳಂತ ನನಗ ಮೊದಲೇ ಗೊತ್ತಿತ್ತು. ಗೆಳತೇರು ಹೇಳಿದ್ರು. ಆದ್ರೂ ತಡಕೊಳ್ಳಾಕ ಆಗ್ಲಿಲ್ಲ' ಅಂದಳು.

ಗೊತ್ತಿದ್ದರೂ ಯಾಕೆ ಅಳು ಬಂತು? ಪ್ರಶ್ನೆ ಸಣ್ಣದಲ್ಲ. ಆ ರಾತ್ರಿಯಿಂದ ನಾನೂ ಕೂತು ನೋಡಿದೆ. ಪೂರ್ತಿ 22 ಕಂತು.

ಅನಿಮೆ ಅಂದರೆ ಜಪಾನಿನ ಅನಿಮೇಷನ್. ನಮ್ಮಲ್ಲಿ ಕಾರ್ಟೂನ್ ಅಂದ ಕೂಡಲೇ ಮಕ್ಕಳ ಚಾನೆಲ್ ನೆನಪಾಗುತ್ತೆ, ಅಲ್ಲಿ ಹಾಗಲ್ಲ. ಕೊಲೆ, ಕಚೇರಿ, ಅಡುಗೆ, ಯುದ್ಧ, ಮದುವೆ, ಎಲ್ಲಕ್ಕೂ ಅನಿಮೆ ಇದೆ. ಈ ಧಾರಾವಾಹಿಯ ಇಂಗ್ಲಿಷ್ ಹೆಸರು 'ಯುವರ್ ಲೈ ಇನ್ ಏಪ್ರಿಲ್'. ಏಪ್ರಿಲ್‌ನಲ್ಲಿ ನೀನು ಹೇಳಿದ ಸುಳ್ಳು, ಅಂತ ಇಟ್ಕೊಳ್ಳಿ. ನವೋಷಿ ಅರಕಾವಾ ಬರೆದ ಚಿತ್ರಕಥಾ ಪುಸ್ತಕ ಇದರ ಮೂಲ. ಕ್ಯೋಹೇ ಇಷಿಗುರೋ ನಿರ್ದೇಶನದ ಧಾರಾವಾಹಿ ಜಪಾನಿನ ಟಿವಿಯಲ್ಲಿ 2014ರ ಅಕ್ಟೋಬರ್‌ನಿಂದ 2015ರ ಮಾರ್ಚ್‌ವರೆಗೆ ಪ್ರಸಾರವಾಯಿತು.

ಕಥೆ ಹೀಗೆ. ಕೋಸೆ ಅನ್ನೋ ಹದಿನಾಲ್ಕು ವರ್ಷದ ಹುಡುಗ. ಸಣ್ಣವನಿದ್ದಾಗ ಪಿಯಾನೋ ಸ್ಪರ್ಧೆಗಳಲ್ಲಿ ಸಾಲುಸಾಲು ಗೆದ್ದವನು. ಜನ ಅವನಿಗೆ ಇಟ್ಟ ಅಡ್ಡಹೆಸರು 'ಮನುಷ್ಯ ಮೆಟ್ರೊನೋಮ್'. ಮೆಟ್ರೊನೋಮ್ ಅಂದರೆ ಟಿಕ್ ಟಿಕ್ ಅಂತ ತಾಳ ತೋರಿಸುವ ಯಂತ್ರ. ಬರೆದಿಟ್ಟ ಸ್ವರ ಒಂದಿಷ್ಟೂ ತಪ್ಪದ ಹಾಗೆ ನುಡಿಸೋನು. ಹಾಗೆ ನುಡಿಸಲು ಕಲಿಸಿದ್ದು ಅವನ ತಾಯಿ, ಹೊಡೆದು ಬಡಿದು. ತಾಯಿ ಕಾಯಿಲೆಯಿಂದ ಸಾಯುತ್ತಾಳೆ. ಸಾಯುವ ಮುಂಚೆ ಸಿಟ್ಟಿನಲ್ಲಿ 'ನೀನು ಸತ್ತುಹೋಗು' ಅಂದುಬಿಟ್ಟಿರುತ್ತಾನೆ ಹುಡುಗ. ಆಮೇಲೆ ಅವನಿಗೊಂದು ವಿಚಿತ್ರ ಸ್ಥಿತಿ. ಲೋಕದ ಎಲ್ಲ ಸದ್ದು ಕೇಳುತ್ತೆ, ತಾನು ನುಡಿಸುವ ಪಿಯಾನೋ ಮಾತ್ರ ಕೇಳೋದಿಲ್ಲ. ನೀರಿನ ತಳದಲ್ಲಿ ಕೂತು ನುಡಿಸಿದ ಹಾಗೆ. ಪಿಯಾನೋ ಬಿಟ್ಟುಬಿಡುತ್ತಾನೆ.

ಅಲ್ಲಿಗೆ ಕವೋರಿ ಬರುತ್ತಾಳೆ. ವಯಲಿನ್ ಹುಡುಗಿ. ತೀರ್ಪುಗಾರರು ಏನಂದುಕೊಂಡಾರು ಅಂತ ಲೆಕ್ಕಿಸದೆ ತನಗೆ ಬಂದ ಹಾಗೆ ನುಡಿಸೋಳು. ತನಗೆ ಕೋಸೆಯ ಗೆಳೆಯನ ಮೇಲೆ ಮನಸ್ಸು ಅಂತ ಹೇಳಿಕೊಂಡೇ ಈ ಗುಂಪಿಗೆ ಸೇರುತ್ತಾಳೆ. ಕೋಸೆಯನ್ನು ದರದರ ಎಳೆದು ತಂದು ತನ್ನ ವಯಲಿನ್‌ಗೆ ಸಾಥ್ ಕೊಡಲು ಕೂರಿಸುತ್ತಾಳೆ. ಅವಳಿಗೆ ಗುಣವಾಗದ ಕಾಯಿಲೆ ಇದೆ. ಇಷ್ಟು ಹೇಳಿದರೆ ಮುಂದಿನದು ನೀವೇ ಊಹಿಸ್ತೀರಿ. ನಿಮ್ಮ ಊಹೆ ಸರಿ.

ಊಹೆ ಸರಿಯಾದರೂ ಕೆಲಸ ನಡೆಯುತ್ತಲ್ಲ, ಅದು ಹೇಗೆ ಅನ್ನೋದನ್ನು ನೋಡೋಣ.

'ಸಾಥ್' ಅನ್ನೋ ಮಾತು ಹಿಡ್ಕೊಳ್ಳಿ. ಹುಮನಾಬಾದ್ ಪಕ್ಕದ ಮಾಣಿಕನಗರಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದ್ ಮಗ್ಗುಲಲ್ಲಿ ನೆಲೆನಿಂತ ಮಾಣಿಕಪ್ರಭುಗಳು ಸ್ವತಃ ಪದ ಕಟ್ಟಿದವರು, ಮರಾಠಿಯಲ್ಲೂ ಕನ್ನಡದಲ್ಲೂ. ದತ್ತ ಜಯಂತಿಗೆ ಅಲ್ಲಿ ಇವತ್ತಿಗೂ ಸಂಗೀತ ನಡೆಯುತ್ತೆ. ಅಂಥ ಕಡೆ ಹಾಡುವವರನ್ನು ಬಿಟ್ಟು ಸ್ವಲ್ಪ ಹೊತ್ತು ಹಾರ್ಮೋನಿಯಂನವರ ಮುಖ ನೋಡಿ. ಹಾಡುವವರು ಆಲಾಪ ಎಲ್ಲಿಗೆ ಒಯ್ದಾರು ಅಂತ ಅವರಿಗೆ ಮೊದಲೇ ಗೊತ್ತಿರೋದಿಲ್ಲ. ಕೇಳ್ತಾ ಕೇಳ್ತಾ ಅರ್ಧ ಹೆಜ್ಜೆ ಹಿಂದೆ ಬರ್ತಿರ್ತಾರೆ. ಸಾಥ್ ಕೊಡೋದು ಅಂದರೆ ಮೊದಲು ಕೇಳೋದು, ಆಮೇಲೆ ನುಡಿಸೋದು.

ಈಗ ಕಥೆಯ ಚಾಣಾಕ್ಷತನ ನೋಡಿ. ತನ್ನದೇ ವಾದ್ಯ ಕೇಳದ ಹುಡುಗನನ್ನು ಕೇಳುವುದೇ ಕೆಲಸವಾಗಿರುವ ಜಾಗದಲ್ಲಿ ತಂದು ಕೂರಿಸಿದ್ದಾರೆ. ಪ್ರೀತಿ ಅನ್ನೋ ಶಬ್ದ ಎತ್ತದೆ ಪ್ರೀತಿಯ ಇಡೀ ಕಷ್ಟವನ್ನು ಒಂದು ಪಿಯಾನೋ ಸ್ಟೂಲಿನ ಮೇಲೆ ಇಟ್ಟ ಹಾಗಾಯ್ತು. ಸ್ಪರ್ಧೆಯಲ್ಲಿ ಸ್ಯಾಂ-ಸಾನ್ಸ್ ಎಂಬ ಫ್ರೆಂಚ್ ಸಂಗೀತಗಾರನ ರಚನೆ ನಡೀತಿರುತ್ತೆ. ನಡುವೆ ಹುಡುಗನಿಗೆ ಸದ್ದು ನಿಂತುಹೋಗುತ್ತೆ, ಅವನ ಕೈ ನಿಲ್ಲುತ್ತೆ. ಸ್ಪರ್ಧೆ ಅಂದಮೇಲೆ ವಯಲಿನ್ ಹುಡುಗಿ ತನ್ನ ಪಾಡಿಗೆ ಮುಂದುವರಿಯಬೇಕು. ಅವಳೂ ನಿಲ್ಲಿಸುತ್ತಾಳೆ! ನಿಲ್ಲಿಸಿದರೆ ಸ್ಪರ್ಧೆ ಹೋಯ್ತು ಅಂತ ಗೊತ್ತಿದ್ದೂ ತಿರುಗಿ ಅವನನ್ನು ನೋಡ್ತಾಳೆ, ಮತ್ತೆ ಶುರು ಮಾಡೋಣ ಅಂತಾಳೆ. ಇಬ್ಬರೂ ಮತ್ತೆ ನುಡಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಧಾರಾವಾಹಿ ನಿಂತಿರೋದು ಆ ಕೆಲವು ಸೆಕೆಂಡಿನ ಮೌನದ ಮೇಲೆ. ಅಲ್ಲಿಂದ ಮುಂದೆ ಆ ವಯಲಿನ್ ನಮಗೆ ಬರೀ ಇಂಪು ಅಲ್ಲ. ಅದಕ್ಕೊಂದು ಒಡೆತನ ಬಂತು. ಅದು ನಿಂತರೆ ಯಾರೋ ನಿಂತ ಹಾಗೆ.

ಸುದ್ದಿಯ ಹಿಂದಿನ ವಯಲಿನ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ. ನಮ್ಮ ಬಿಜಿಎಂ ದೃಶ್ಯದ ಹೊರಗಿನದು. ಅಪಘಾತದ ಜಾಗದಲ್ಲಿ ಯಾರೂ ವಯಲಿನ್ ನುಡಿಸುತ್ತಿರಲಿಲ್ಲ. ಅದು 'ಈಗ ಅಳಿ' ಅನ್ನೋ ಸೂಚನೆ, ಟ್ರಾಫಿಕ್ ಸಿಗ್ನಲ್ ಇದ್ದ ಹಾಗೆ. ಕಥೆಯೊಳಗಿನ ಮನುಷ್ಯ ಕಥೆಯೊಳಗೇ ನುಡಿಸುವ ವಾದ್ಯ ಸೂಚನೆ ಕೊಡೋದಿಲ್ಲ, ಸಂಬಂಧ ಬೆಳೆಸುತ್ತೆ.

ಸಂದರ್ಭಕ್ಕೆ ತಕ್ಕ ಸಂಗೀತ ಅನ್ನೋದು ಟಿವಿಯವರು ಕಂಡುಹಿಡಿದದ್ದೇನೂ ಅಲ್ಲ ಬಿಡಿ. ಇದೇ ಬಸವಕಲ್ಯಾಣ, ಆಗಿನ ಕಲ್ಯಾಣದಲ್ಲಿ ಕೂತು, ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆದ. ಆನೆ ಪಳಗಿಸುವುದರಿಂದ ಹಿಡಿದು ಅಡುಗೆಯ ತನಕ ಅದರಲ್ಲಿ ಎಲ್ಲಾ ಇದೆ. ಸಂಗೀತದ ಭಾಗದಲ್ಲಿ ಯಾವ ಹಾಡು ಯಾವುದಕ್ಕೆ ಅಂತ ಹೇಳ್ತಾನೆ: ಕಥೆಗೆ ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಲ. ಆದರೆ ಧವಳ ಹಾಡೋರು ಯಾರು? ಮದುವೆಯ ಮನೆಯಲ್ಲೇ ಇದ್ದವರು. ಮದುವೆಯ ಮೇಲೆ ಹೊರಗಿನಿಂದ ಹಾಡು ಅಂಟಿಸಿದ್ದಲ್ಲ.

ಕೊನೆಯ ಕಂತಿಗೆ ಬರ್ತೀನಿ. ಇಲ್ಲಿ ನಾನು ಓದಿದ ಎಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಹಳೆಯ ಲ್ಯಾಂಡ್‌ಲೈನ್ ಫೋನ್ ನೆನಪಿದೆಯಾ? ಆ ಲೈನು ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಕಂಪನವನ್ನು ಸಾಗಿಸುತ್ತಲೇ ಇರಲಿಲ್ಲ. ಗಂಡಸಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 100-150ರ ಆಸುಪಾಸು. ಅಂದರೆ ಹುಮನಾಬಾದ್‌ನಿಂದ ಅಪ್ಪ ಫೋನ್ ಮಾಡಿದಾಗ ಅವರ ದನಿಯ ಬುಡವೇ ತಂತಿಯಲ್ಲಿ ಬಂದಿರುತ್ತಿರಲಿಲ್ಲ. ಆದರೂ ನಮಗೆ ಕೇಳಿದ್ದು ಅಪ್ಪನ ದಪ್ಪ ದನಿಯೇ. ಹೇಗೆ? ಮೇಲಿನ ಕಂಪನಗಳ ನಡುವಿನ ಅಂತರ ನೋಡಿ ಮೆದುಳು ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತೆ. ಇಲ್ಲದ ಸ್ವರ ಕೇಳಿಸುತ್ತೆ. ಇದು ಕವಿಕಲ್ಪನೆ ಅಲ್ಲ, ಪ್ರಯೋಗದಲ್ಲಿ ತೋರಿಸಬಹುದಾದ ಸಂಗತಿ.

ಕೊನೆಯ ಕಂತಿನಲ್ಲಿ ಆಗೋದೂ ಇದೇ ಥರ. ಕವೋರಿ ಆಪರೇಷನ್ ಕೋಣೆಯಲ್ಲಿದ್ದಾಳೆ. ಕೋಸೆ ಸ್ಪರ್ಧೆಯಲ್ಲಿ ಒಬ್ಬನೇ ಕೂತು ಶೋಪನ್‌ನ ಬ್ಯಾಲೆಡ್ ನುಡಿಸುತ್ತಿದ್ದಾನೆ. ಅದು ಬರೀ ಪಿಯಾನೋಗೆ ಬರೆದ ರಚನೆ, ಅದರಲ್ಲಿ ವಯಲಿನ್‌ಗೆ ಜಾಗವೇ ಇಲ್ಲ. ಅಂಥದ್ದರ ನಡುವೆ ಅವಳ ವಯಲಿನ್ ಎದ್ದು ಬರುತ್ತೆ, ಅವಳೇ ಬಂದು ಪಕ್ಕದಲ್ಲಿ ನಿಂತು ನುಡಿಸುತ್ತಾಳೆ. ಇಪ್ಪತ್ತೊಂದು ಕಂತು ನಮ್ಮ ಕಿವಿಗೆ ಆ ವಯಲಿನ್‌ನ ರೂಢಿ ಹಿಡಿಸಿ, ನಡುವೆ ಒಂದು ಕಾರ್ಯಕ್ರಮಕ್ಕೆ ಅವಳು ಬರಲಾಗದೆ ಕೋಸೆ ಒಬ್ಬನೇ ನುಡಿಸುವ ಹಾಗೆ ಮಾಡಿ ಖಾಲಿ ಜಾಗದ ಪರಿಚಯವನ್ನೂ ಮಾಡಿಸಿ, ಇಲ್ಲಿಗೆ ತಂದಿದ್ದಾರೆ. ಹಾಗಾಗಿ ಆ ವಯಲಿನ್ ಕೇಳಿದಾಗ ಮೋಸ ಅನ್ನಿಸೋದಿಲ್ಲ. ನಮ್ಮ ಕಿವಿ ಅದನ್ನು ಆಗಲೇ ತುಂಬಿಕೊಳ್ಳೋಕೆ ತಯಾರಾಗಿತ್ತು.

ಇನ್ನು 'ಗೊತ್ತಿದ್ದರೂ ಅಳು ಬಂತು' ಅನ್ನೋ ಮಾತು. ಈಗಿನವರಿಗೆ ಸ್ಪಾಯ್ಲರ್ ಅಂದರೆ ಪ್ರಾಣಭಯ. ಅಂತ್ಯ ಹೇಳಿಬಿಟ್ಟರೆ ಎಲ್ಲಾ ಮುಗೀತು ಅಂತಾರೆ. ನಮ್ಮ ಭಾಗದ ಮೊಹರಂ ನೆನಪು ಮಾಡ್ಕೊಳ್ಳಿ. ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡ್ತಾರೆ, ಹಿಂದೂಗಳೂ ಹಾಡ್ತಾರೆ, ಮುಸ್ಲಿಮರೂ ಹಾಡ್ತಾರೆ. ಕರ್ಬಲಾದ ಕಥೆಯಲ್ಲಿ ಖಾಸಿಂ ಅನ್ನೋ ಹುಡುಗ, ಹಸನ್‌ರ ಮಗ. ನಮ್ಮ ಜನ ಕರೆಯೋದು 'ಖಾಸಿಂ ದೂಲಾ' ಅಂತ. ದೂಲಾ ಅಂದರೆ ಮದುಮಗ. ಯುದ್ಧಭೂಮಿಯಲ್ಲೇ ಅವನ ಮದುವೆ, ಮದುವೆಯ ಬೆನ್ನಿಗೇ ಸಾವು. ಈ ಮದುವೆ ನಿಜಕ್ಕೂ ನಡೆಯಿತು ಅನ್ನೋದನ್ನು ಇತಿಹಾಸ ಬಲ್ಲ ಅನೇಕರು ಒಪ್ಪೋದಿಲ್ಲ. ಹಾಡಿಗೆ ಅದರ ಹಂಗಿಲ್ಲ. ಕೇಳೋಕೆ ಕೂತ ಪ್ರತಿಯೊಬ್ಬರಿಗೂ ಅಂತ್ಯ ಗೊತ್ತು. ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಪ್ರತಿ ವರ್ಷ ಕೇಳ್ತಾರೆ, ಪ್ರತಿ ವರ್ಷ ಅಳ್ತಾರೆ. ಯಾಕಂದರೆ ಅಲ್ಲಿ ಕಣ್ಣೀರು ಬರೋದು ಸಾವಿನ ಸುದ್ದಿಗಲ್ಲ, ಮೆಹಂದಿಗೆ. ಸಾಯುವವನ ಕೈಗೆ ಮೆಹಂದಿ ಹಚ್ಚುವ ಹೊತ್ತಿಗೆ. ಅಂತ್ಯ ಗೊತ್ತಿದ್ದರೇನೇ ಆ ಮೆಹಂದಿಗೆ ಅಷ್ಟು ತೂಕ.

ಕವೋರಿಯ ನಗುವೂ ಹಾಗೇ. ಸಾಯ್ತಾಳೆ ಅಂತ ಗೊತ್ತಿರೋ ನೋಡುಗನಿಗೆ ಅವಳು ಸಿಹಿ ತಿನಿಸು ತಿನ್ನೋದೂ, ಸೇತುವೆಯಿಂದ ಹೊಳೆಗೆ ಹಾರೋದೂ ಬೇರೆಯೇ ಕಾಣುತ್ತೆ. ಅಕ್ಕನ ಮಗಳ ಗೆಳತಿಯರು ಅವಳಿಗೆ ಅನ್ಯಾಯ ಮಾಡಲಿಲ್ಲ ಅಂತಲೇ ನನ್ನ ಲೆಕ್ಕ.

ಹಾಗಾದರೆ ಎಲ್ಲಾ ಚೆನ್ನಾಗಿದೆಯಾ? ಇಲ್ಲ.

ಮೊದಲನೇ ತಕರಾರು, ಮಾತು. ಹುಡುಗ ಪಿಯಾನೋ ಮುಂದೆ ಕೂತರೆ ಸಾಕು, ಅವನ ಮನಸ್ಸಿನ ಮಾತು ಶುರು. ಸಭೆಯಲ್ಲಿ ಕೂತವರ ಮನಸ್ಸಿನ ಮಾತು ಶುರು. ಎದುರಾಳಿ ಸ್ಪರ್ಧಿಗಳದ್ದೂ ಶುರು. 'ಆಹಾ, ಇವನ ನುಡಿಸುವಿಕೆಯಲ್ಲಿ ಎಂಥ ನೋವಿದೆ' ಅನ್ನೋ ಅರ್ಥದ ಮಾತುಗಳು. ಅಪ್ಪಾ, ಕೇಳೋಕೆ ಬಿಡಿ! ಕ್ರಿಕೆಟ್ಟಿನಲ್ಲಿ ಕಾಮೆಂಟರಿ ಸರಿ, ಕಛೇರಿಯಲ್ಲಿ ಯಾಕೆ? ನಮ್ಮ ಚಾನೆಲ್‌ಗಳಲ್ಲೂ ಇದೇ ರೋಗ. ತಾಯಿಯೊಬ್ಬಳು ಮಗನ ಶವದ ಮುಂದೆ ಅಳುತ್ತಿರುವಾಗ ಹಿಂದಿನಿಂದ 'ಆ ತಾಯಿಯ ಆಕ್ರಂದನ ಮುಗಿಲು ಮುಟ್ಟಿತ್ತು' ಅಂತ ವಾಯ್ಸ್ ಓವರ್ ಬರುತ್ತೆ. ಅಳು ಕೇಳಿಸುತ್ತಿದೆಯಲ್ಲ ಸ್ವಾಮಿ, ನೀವು ಅಡ್ಡ ಬರಬೇಡಿ ಅಷ್ಟೇ.

ಎರಡನೇದು, ತಾಯಿಯ ವಿಷಯ. ಮಗುವನ್ನು ರಕ್ತ ಬರೋ ಹಾಗೆ ಹೊಡೆದ ತಾಯಿಯನ್ನು, ಪಾಪ, ಮಗನ ಭವಿಷ್ಯಕ್ಕೋಸ್ಕರ ಹಾಗೆ ಮಾಡಿದಳು ಅಂತ ಕಥೆ ಬಹಳ ಬೇಗ ಕ್ಷಮಿಸಿಬಿಡುತ್ತೆ. ಅದೇ ಕಥೆಯಲ್ಲಿ ಹುಡುಗಿಯರು ಹುಡುಗನಿಗೆ ಒದೆಯೋದು ಗುದ್ದೋದು ತಮಾಷೆಯ ದೃಶ್ಯ. ಒಂದು ಕಡೆ ಏಟು ಅಂದರೆ ಜೀವನಪೂರ್ತಿ ಗಾಯ, ಇನ್ನೊಂದು ಕಡೆ ಏಟು ಅಂದರೆ ನಗು. ಎರಡೂ ಒಂದೇ ಮನೆಯಲ್ಲಿ ಹೊಂದೋದಿಲ್ಲ.

ಮೂರನೇದು ದೊಡ್ಡದು. ಅದಕ್ಕೆ ಮುಂಚೆ ನಮ್ಮದೇ ಒಂದು ಸಿನಿಮಾ ನೆನಪಿಸ್ತೀನಿ, ಯಾಕಂದರೆ ಈ ಕಾಯಿಲೆ ಜಪಾನಿಗೆ ಮಾತ್ರ ಸೀಮಿತ ಅಲ್ಲ. ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ'. 2023ರಲ್ಲಿ ಎರಡು ಭಾಗವಾಗಿ ಬಂತು, ಸೆಪ್ಟೆಂಬರ್‌ನಲ್ಲಿ ಸೈಡ್ ಎ, ನವೆಂಬರ್‌ನಲ್ಲಿ ಸೈಡ್ ಬಿ. ಆ ಹೆಸರೇ ಕ್ಯಾಸೆಟ್ಟಿನದು. ಪ್ರಿಯಾ ಹಾಡುಗಾರ್ತಿ ಆಗಬೇಕೆಂದುಕೊಂಡ ಹುಡುಗಿ. ಮನು ಮಾಲೀಕನ ಮಗನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಒಳಗೆ ಅವನಿಗೆ ಉಳಿಯೋದು ಕ್ಯಾಸೆಟ್ಟಿನಲ್ಲಿರುವ ಅವಳ ದನಿ. ಸೈಡ್ ಎ ಯಾಕೆ ಅಷ್ಟು ಜನರನ್ನು ಅಳಿಸಿತು? ಇದೇ ಕಾರಣ. ಆ ದನಿಗೆ ಒಡೆಯಳಿದ್ದಾಳೆ. ಜೈಲಿನ ಗೋಡೆ, ಕೋರ್ಟಿನ ಕಾರಿಡಾರು, ಎಲ್ಲದರ ಆಚೆ ಅವಳೂ ಓಡಾಡುತ್ತಿದ್ದಾಳೆ, ಸೋಲುತ್ತಿದ್ದಾಳೆ, ಮತ್ತೆ ಬರುತ್ತಿದ್ದಾಳೆ. ಸೈಡ್ ಬಿಗೆ ಬಂದಾಗ ಕಥೆ ಪೂರಾ ಮನುವಿನದಾಗಿಬಿಡುತ್ತೆ. ಪ್ರಿಯಾ ಹಾಡು ಬಿಟ್ಟಿದ್ದಾಳೆ. ಆದರೆ ಹಾಡು ಬಿಟ್ಟದ್ದು ಅವಳಿಗೆ ಏನು ಅನ್ನೋದಕ್ಕಿಂತ ಅವನಿಗೆ ಏನು ಅನ್ನೋದೇ ದೊಡ್ಡದಾಗಿ ಕಾಣುತ್ತೆ. ಕ್ಯಾಸೆಟ್ಟು ಉಳೀತು, ಹಾಡುವವಳು ದೂರದಿಂದ ನೋಡುವ ಚಿತ್ರವಾದಳು. ನನಗೆ ಸೈಡ್ ಎ ಹೆಚ್ಚು ಇಷ್ಟವಾಗೋದು ಅದಕ್ಕೇ.

ಕವೋರಿಗೂ ಇದೇ ಗತಿ ಆಗುವುದರಲ್ಲಿತ್ತು. ಬಹುಪಾಲು ಕಂತುಗಳಲ್ಲಿ ಅವಳು ಹುಡುಗನಿಗೆ ಬಂದ ಔಷಧಿ. ಅವನನ್ನು ಎಬ್ಬಿಸೋದು, ಕೂರಿಸೋದು, ನಗಿಸೋದು. ಅವಳಿಗೆ ಏನು ಬೇಕಿತ್ತು ಅಂತ ಕೇಳೋರಿಲ್ಲ. ಅವಳನ್ನು ಅಲ್ಲಿಂದ ಎತ್ತಿದ್ದು ಎರಡು ವಿಷಯ. ಒಂದು, ಆಸ್ಪತ್ರೆಯ ಮಾಳಿಗೆಯ ದೃಶ್ಯ. ಹಿಮ ಬೀಳ್ತಿದೆ, ಅವಳ ಕೈಯಲ್ಲಿ ವಾದ್ಯ ಇಲ್ಲ, ಗಾಳಿಯಲ್ಲೇ ವಯಲಿನ್ ನುಡಿಸುತ್ತಾಳೆ. ಸಾಯೋಕೆ ಹೆದರಿಕೆ ಆಗುತ್ತೆ ಅನ್ನೋದನ್ನು ಕಡೆಗೂ ಒಪ್ಪಿಕೊಳ್ಳುತ್ತಾಳೆ. ಎರಡು, ಸತ್ತ ಮೇಲೆ ಸಿಗುವ ಅವಳ ಪತ್ರ. ಗೆಳೆಯನ ಮೇಲೆ ಮನಸ್ಸು ಅಂದದ್ದೇ ಏಪ್ರಿಲ್‌ನ ಸುಳ್ಳು, ಬೇಕಾಗಿದ್ದವನು ನೀನೇ, ಅಂತ ಅದರಲ್ಲಿದೆ. ಅಷ್ಟೇ ಆಗಿದ್ದರೆ ಮಾಮೂಲಿ. ಇನ್ನೊಂದು ಮಾತಿದೆ: ಐದು ವರ್ಷದವಳಿದ್ದಾಗ ಅವನು ಪಿಯಾನೋ ನುಡಿಸಿದ್ದನ್ನು ಕೇಳಿ, ಮುಂದೊಂದು ದಿನ ಅವನ ಸಾಥ್ ಸಿಗಬೇಕು ಅಂತ, ತಾನು ಕಲಿಯುತ್ತಿದ್ದ ಪಿಯಾನೋ ಬಿಟ್ಟು ವಯಲಿನ್ ಹಿಡಿದಳಂತೆ. ನೋಡಿ, ಕಥೆ ಇಲ್ಲಿ ಮಗುಚಿಕೊಳ್ತು. ಅವಳು ಅವನ ಕಥೆಯೊಳಗೆ ಬಂದವಳಲ್ಲ, ಅವನೇ ಅವಳ ಕಥೆಯೊಳಗೆ ಮೊದಲು ಬಂದವನು. ಮೊದಲ ಕಂತಿನಿಂದ ಮತ್ತೊಮ್ಮೆ ನೋಡಬೇಕು ಅನ್ನಿಸೋದು ಅದಕ್ಕೆ. ಪತ್ರ ಸ್ವಲ್ಪ ಉದ್ದವಾಯಿತು, ಸಂಗೀತ ಹೇಳಬೇಕಾದದ್ದನ್ನು ಕಾಗದ ಹೇಳಿತು, ಒಪ್ಪುತ್ತೀನಿ. ಆದರೂ ಪತ್ರ ಇಲ್ಲದಿದ್ದರೆ ಅವಳು ಔಷಧಿಯಾಗಿಯೇ ಸಾಯುತ್ತಿದ್ದಳು.

ಕೊನೆಗೂ ಉಳಿದುಬಿಟ್ಟದ್ದು ಒಂದಿದೆ. ಅವಳ ಕಾಯಿಲೆಗೆ ಹೆಸರಿಲ್ಲ. ಇಡೀ ಧಾರಾವಾಹಿಯಲ್ಲಿ ಎಲ್ಲೂ ಹೇಳೋದಿಲ್ಲ. ಖರ್ಚಿನ ಮಾತೂ ಇಲ್ಲ. ಬಸವಕಲ್ಯಾಣದಲ್ಲಿ ಒಂದು ಹೆಣ್ಣುಮಗುವಿಗೆ ಹೀಗಾದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಸೊಲ್ಲಾಪುರವೋ ಹೈದರಾಬಾದೋ ಕಲಬುರಗಿಯೋ ಅಂತ ಮನೆಯಲ್ಲಿ ಮಾತಾಗುತ್ತೆ. ಯಾರ ಹತ್ತಿರ ಸಾಲ, ಯಾರ ಮನೆಯಲ್ಲಿ ಉಳಿಯೋದು, ಅಂಗಡಿ ನೋಡಿಕೊಳ್ಳೋರು ಯಾರು ಅಂತ ಲೆಕ್ಕ ಹಾಕ್ತಾರೆ. ಕವೋರಿಯ ಅಪ್ಪ ಅಮ್ಮನದೂ ಅಂಗಡಿಯೇ, ಕೇಕು ಬನ್ನಿನ ಬೇಕರಿ. ಮಗಳಿಗೆ ದಿನ ಕಡಿಮೆ ಅಂತ ಗೊತ್ತಿದ್ದೂ ಮಗಳ ಗೆಳೆಯರು ಬಂದಾಗ ತಿಂಡಿ ಕೊಟ್ಟು ನಗುನಗುತ್ತಾ ಮಾತಾಡಿಸಿದವರು. ಆ ಪತ್ರವನ್ನು ಕೋಸೆಯ ಕೈಗೆ ಕೊಡೋದೂ ಅವರೇ. ಕೊಟ್ಟು ಹೊರಟುಹೋಗ್ತಾರೆ. ಕ್ಯಾಮೆರಾ ಪತ್ರದ ಜೊತೆ, ಹುಡುಗನ ಜೊತೆ ಉಳಿಯುತ್ತೆ. ನಾನು ಆ ಜಾಗದಲ್ಲಿ ಮೈಕ್ ಹಿಡಿದ ವರದಿಗಾರ ಆಗಿದ್ದರೆ ಆ ಇಬ್ಬರ ಹಿಂದೆ ಹೋಗುತ್ತಿದ್ದೆ. ಮೈಕ್ ಆಫ್ ಮಾಡಿಕೊಂಡು, ಬೇಕರಿಯ ತನಕ.